ಗಾಳಿಗೆ ಎದೆಯೊಡ್ಡುವ ಸರದಿ

ಭಾನುವಾರ ನಸುಕಿಗೆ ದೇವನಹಳ್ಳಿ ದಾಟಿ ನಂದಿ ಬೆಟ್ಟದ ಕಡೆಯ ರಸ್ತೆಗೆ ಬಂದು ಸೇರುವ ಈ ಜನಕ್ಕೆ ಏನು ಬೇಕಾಗಿದೆ? ಸಾಫ್ಟ್‌ವೇರಿನವರು, ಹಲ್ಲಿನ ಡಾಕ್ಟರು, ಕಾಲೇಜು ಹುಡುಗರು, ಸೈಕಲ್ ಅಂಗಡಿಯ ಮೆಕ್ಯಾನಿಕ್ಕು, ನಿವೃತ್ತಿಗೆ ಹತ್ತಿರವಾದ ಬ್ಯಾಂಕ್ ಮ್ಯಾನೇಜರು. ಗೆದ್ದರೆ ಕೊರಳಿಗೊಂದು ಪದಕ, ಹೆಚ್ಚೆಂದರೆ ಒಂದು ಜೊತೆ ಟೈರು. ಸೋಮವಾರ ಎಲ್ಲರಿಗೂ ಆಫೀಸಿದೆ. ಆದರೂ ನಾಲ್ಕು ಗಂಟೆಗೆ ಎದ್ದು, ಎರಡು ಬಾಳೆಹಣ್ಣು ತಿಂದು, ಬೆನ್ನಿಗೆ ನಂಬರ್ ಪಿನ್ ಮಾಡಿಸಿಕೊಂಡು ನಡುಗುತ್ತ ನಿಂತಿದ್ದಾರೆ. ಪಿನ್ ಹಾಕುತ್ತಿರುವವರು ಇನ್ನೊಂದು ಗಂಟೆಯಲ್ಲಿ ಅವರನ್ನು ಸೋಲಿಸಲು ಹೊರಟವರು. ಅಣ್ಣನ ಮಗ ಈ ಹವ್ಯಾಸಿ ರೇಸುಗಳಿಗೆ ಬಿದ್ದ ಮೇಲೆ ನಾನೂ ಜೊತೆಗೆ ಹೋಗಿ ನೋಡತೊಡಗಿದೆ. ನೋಡುತ್ತ ಬರೆದುಕೊಂಡದ್ದು ಇದು.

*

ಮೊದಲ ಸೋಜಿಗ ಗುಂಪಿನದು. ನಲವತ್ತು ಜನ ಒಬ್ಬರ ಚಕ್ರಕ್ಕೆ ಇನ್ನೊಬ್ಬರ ಚಕ್ರ ಗೇಣು ದೂರದಲ್ಲಿಟ್ಟು ಓಡಿಸುತ್ತಾರೆ. ಒಬ್ಬ ತಡವರಿಸಿದರೆ ಹತ್ತು ಜನ ನೆಲಕ್ಕೆ. ಅಷ್ಟು ಹತ್ತಿರ ಯಾಕೆ?

ಕಾರಣ ಗಾಳಿ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವವರ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಖರ್ಚಾಗುತ್ತದೆ. ವೇಗ 30ರಿಂದ 40ಕ್ಕೆ ಏರಿದರೆ ಗಾಳಿಗೆ ತೆರಬೇಕಾದ ಶಕ್ತಿ ಎರಡು ಪಟ್ಟನ್ನೂ ಮೀರುತ್ತದೆ. ಮುಂದಿನವರ ಬೆನ್ನಿಗೆ ಅಂಟಿಕೊಂಡರೆ ಅದರಲ್ಲಿ ದೊಡ್ಡ ಪಾಲು ಉಳಿತಾಯ. 2018ರಲ್ಲಿ ಬರ್ಟ್ ಬ್ಲಾಕನ್ ಎಂಬ ಪ್ರಾಧ್ಯಾಪಕರ ತಂಡ 121 ಸವಾರರ ಗುಂಪೊಂದರ ಮಾದರಿ ಮಾಡಿ, ಕಂಪ್ಯೂಟರಿನಲ್ಲೂ ಗಾಳಿಸುರಂಗದಲ್ಲೂ ಅಳೆದು ನೋಡಿತು. ಗುಂಪಿನ ಒಳಗೆ, ಹಿಂಭಾಗದಲ್ಲಿರುವವರಿಗೆ ಬಡಿಯುವ ಗಾಳಿಯ ತಡೆ, ಒಂಟಿಯಾಗಿ ಹೋಗುವವರಿಗೆ ಬಡಿಯುವುದರ ಶೇ. 5ರಿಂದ 10 ಮಾತ್ರ! ಇನ್ನೂ ವಿಚಿತ್ರವೆಂದರೆ, ಹಿಂದೆ ಒಬ್ಬರು ಅಂಟಿಕೊಂಡಿದ್ದರೆ ಮುಂದಿರುವವರಿಗೂ ಚೂರು ಲಾಭವಿದೆ. ಬೆನ್ನ ಹಿಂದೆ ಸುಳಿದು ಹಿಂದಕ್ಕೆಳೆಯುವ ಗಾಳಿ ಸ್ವಲ್ಪ ಸಡಿಲವಾಗುತ್ತದೆ. ಪೈಪೋಟಿಗೆ ಇಳಿದ ಇಬ್ಬರು ಒಬ್ಬರಿಗೊಬ್ಬರು ಆಸರೆಯಾಗದೆ ಬೇರೆ ದಾರಿಯೇ ಇಲ್ಲದಂಥ ಆಟ ಇನ್ನೊಂದು ನನಗೆ ಗೊತ್ತಿಲ್ಲ.

*

ಹಾಗಾದರೆ ಮುಂದೆ ಯಾರಿರಬೇಕು? ಇದಕ್ಕೆ ಎಲ್ಲೂ ಬರೆದಿಟ್ಟ ನಿಯಮವಿಲ್ಲ. ಮುಂದಿದ್ದವರು ಅರ್ಧ ನಿಮಿಷವೋ ಒಂದು ನಿಮಿಷವೋ ಎಳೆಯುತ್ತಾರೆ, ಮೊಣಕೈ ಸ್ವಲ್ಪ ಆಡಿಸುತ್ತಾರೆ, ಪಕ್ಕಕ್ಕೆ ಸರಿದು ಹಿಂದಕ್ಕೆ ಜಾರುತ್ತಾರೆ. ಆ ಮೊಣಕೈ ಆಡಿದರೆ 'ಈಗ ನಿನ್ನ ಸರದಿ' ಎಂದರ್ಥ. ಸರದಿ ತಪ್ಪಿಸಿ ಬರೀ ಹಿಂದೆಯೇ ಕೂತು, ಕೊನೆಗೆ ಮುನ್ನುಗ್ಗಿ ಗೆದ್ದವರೂ ಇದ್ದಾರೆ. ನಿಯಮದ ಪ್ರಕಾರ ಅದು ತಪ್ಪಲ್ಲ. ಆದರೆ ಮುಂದಿನ ರೇಸಿನಲ್ಲಿ ಅವರು ಮುಂದೆ ಹೋದಾಗ ಯಾರೂ ಜೊತೆ ಕೊಡುವುದಿಲ್ಲ. ಈ ಲೆಕ್ಕವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಯಾರೂ ಮರೆಯುವುದೂ ಇಲ್ಲ.

ಗುಂಪಿನ ಮಾತು ಕೇಳಬೇಕು. "ಹಂಪ್! ಹಂಪ್!" "ಎಡಗಡೆ ಗುಂಡಿ!" "ನಾಯಿ, ನಾಯಿ!" "ಗ್ಯಾಪ್ ಬಿಡಬೇಡ ಗುರೂ!" ಗುಂಡಿಯನ್ನು ಕಂಡವರು ಸುಮ್ಮನೆ ತಪ್ಪಿಸಿಕೊಂಡು ಹೋದರೆ ಎದುರಾಳಿ ಬೀಳುತ್ತಾನೆ, ಒಬ್ಬ ಕಡಿಮೆಯಾಗುತ್ತಾನೆ. ಆದರೂ ಪ್ರತಿಯೊಬ್ಬರೂ ಕೈ ಇಳಿಸಿ ತೋರಿಸುತ್ತಾರೆ, ಕೂಗುತ್ತಾರೆ.

*

ಆಷಾಢದ ಗಾಳಿಯಲ್ಲಿ ಈ ಆಟದ ರೂಪವೇ ಬೇರೆ. ಗಾಳಿ ಪಡುವಣದಿಂದ ಅಡ್ಡ ಬೀಸುವಾಗ ಆಸರೆ ನೇರ ಹಿಂದೆ ಸಿಗುವುದಿಲ್ಲ, ಓರೆಯಾಗಿ ಪಕ್ಕದಲ್ಲಿ ಸಿಗುತ್ತದೆ. ಸವಾರರು ರಸ್ತೆಯ ಅಗಲಕ್ಕೂ ಓರೆ ಸಾಲು ಕಟ್ಟುತ್ತಾರೆ. ನಮ್ಮ ರಸ್ತೆಯ ಅಗಲದಲ್ಲಿ ಆ ಸಾಲಿಗೆ ಹಿಡಿಯುವುದು ಕೆಲವೇ ಜನ. ಜಾಗ ಸಿಗದವರು ಅಂಚಿನಲ್ಲಿ, ಆಸರೆಯಿಲ್ಲದೆ, ದ್ರಾಕ್ಷಿ ತೋಟದ ಬೇಲಿಗೆ ಮೈ ತಾಗಿಸುವಂತೆ ಹೋಗುತ್ತ ಒಬ್ಬೊಬ್ಬರಾಗಿ ಕಳಚಿಕೊಳ್ಳುತ್ತಾರೆ. ಬೆಟ್ಟವಿಲ್ಲ, ತಿರುವಿಲ್ಲ, ಬರೀ ಗಾಳಿ ಒಂದು ಗುಂಪನ್ನು ಐದು ಚೂರು ಮಾಡಿದ್ದನ್ನು ಕಂಡು ಬೆರಗಾದೆ.

*

ಬೆಟ್ಟದಲ್ಲಿ ಈ ಒಪ್ಪಂದವೆಲ್ಲ ಮುಗಿಯಿತು. 1,478 ಮೀಟರ್ ಎತ್ತರದ ನಂದಿಯ ಏರಿನಲ್ಲಿ ವೇಗ ಹದಿನೈದಕ್ಕೆ ಇಳಿದರೆ ಗಾಳಿಯ ಮಾತೇ ಇಲ್ಲ. ಅಲ್ಲಿರುವುದು ಮೈಯ ತೂಕ, ಕಾಲಿನ ಬಲ, ಎರಡೇ. ಆವರೆಗೆ ಜೊತೆಗಿದ್ದವರು ಮಾತಿಲ್ಲದೆ ಬೇರಾಗುತ್ತಾರೆ. ಉಸಿರಾಟ ಮಾತ್ರ ಕೇಳುತ್ತದೆ. ಎರಡು ತಿರುವು ಕಳೆಯುವಷ್ಟರಲ್ಲಿ ಗುಂಪು ಎನ್ನುವುದೇ ಇರುವುದಿಲ್ಲ.

ಆ ಏರಿನಲ್ಲಿ ವಿಜಯಪುರದ ಕಡೆಯ ಹುಡುಗನೊಬ್ಬನನ್ನು ಕಂಡೆ. ವಿಜಯಪುರ, ಬಾಗಲಕೋಟೆಯ ಸೀಮೆ ನಮ್ಮ ರಾಜ್ಯದ ಸೈಕ್ಲಿಂಗಿನ ತವರು. ಅಲ್ಲಿಯ ಕ್ರೀಡಾ ನಿಲಯಗಳಲ್ಲಿ ಬೆಳೆದವರು ರಾಷ್ಟ್ರೀಯ ಮಟ್ಟದಲ್ಲಿ ಪದಕ ಗೆಲ್ಲುತ್ತ ಬಂದಿದ್ದಾರೆ. ಅವನದು ಯಾರೋ ಬಳಸಿಬಿಟ್ಟ ಹಳೇ ಸೈಕಲ್ಲು. ಪಕ್ಕದಲ್ಲಿ ಲಕ್ಷಗಟ್ಟಲೆ ಬೆಲೆಯ ಕಾರ್ಬನ್ ಸೈಕಲ್ಲಿನ ಮೇಲೆ ಏದುಸಿರು ಬಿಡುತ್ತಿದ್ದ ಮಧ್ಯವಯಸ್ಕರನ್ನು ನೋಡಿ ಅವನೆಂದ: "ಬರ್ರಿ ಸರ, ಹಿಂದ ಉಳೀಬ್ಯಾಡ್ರಿ. ನನ್ನ ಗಾಲಿ ನೋಡ್ಕೋತ ಬರ್ರಿ." ಏರಿನಲ್ಲಿ ಗಾಲಿ ಹಿಡಿದರೆ ಗಾಳಿಯ ಲಾಭವಿಲ್ಲ ಎಂದು ಮೇಲೆಯೇ ಬರೆದಿದ್ದೇನೆ. ಆದರೂ ಅವರು ತುದಿಯವರೆಗೂ ಆ ಗಾಲಿ ಬಿಡಲಿಲ್ಲ. ಇದನ್ನು ಗಾಳಿಸುರಂಗದಲ್ಲಿ ಅಳೆಯಲಾಗದು.

*

ಗುಂಪಾಗಿ ಓಡುವ ಈ ಹುಚ್ಚಿನ ಬಗ್ಗೆ ಇಂಗ್ಲೆಂಡಿನ ಕಥೆಯೊಂದು ಇಲ್ಲಿ ಬರೆದಿಡಬೇಕು. ಪೊಲೀಸರ ಕಣ್ಣಿಗೆ ಬಿದ್ದು ಸೈಕಲ್ಲಿಗೇ ಸಂಚಕಾರ ಬಂದೀತೆಂದು ಹೆದರಿ, ಅಲ್ಲಿಯ ಸೈಕ್ಲಿಸ್ಟರ ಸಂಘವೇ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ರಸ್ತೆ ರೇಸುಗಳನ್ನು ನಿಷೇಧಿಸಿತ್ತು. ಹುಚ್ಚಿದ್ದವರು ಸುಮ್ಮನಿರಲಿಲ್ಲ. ಬೆಳಗಿನ ಜಾವ, ಮೈತುಂಬ ಕಪ್ಪು ಬಟ್ಟೆ ತೊಟ್ಟು, ರಸ್ತೆಯ ಹೆಸರು ಹೇಳದೆ ಸಂಕೇತಗಳಲ್ಲಿ ತಿಳಿಸಿ, ಒಂದೊಂದು ನಿಮಿಷಕ್ಕೆ ಒಬ್ಬರಂತೆ ಗಡಿಯಾರದ ವಿರುದ್ಧ ಓಡಿದರು. ಟೈಂ ಟ್ರಯಲ್ ಅಲ್ಲಿ ಹಾಗೆ ಬೇರೂರಿತು. ಪರ್ಸಿ ಸ್ಟಾಲಾರ್ಡ್ ಎಂಬಾತನಿಗೆ ಅಷ್ಟು ಸಾಲಲಿಲ್ಲ. ಮಹಾಯುದ್ಧದ ನಡುವೆ, 1942ರ ಜೂನ್ 7ರಂದು, ವೇಲ್ಸಿನ ಲಾಂಗೋಲೆನ್‌ನಿಂದ ವುಲ್ವರ್‌ಹ್ಯಾಂಪ್ಟನ್‌ವರೆಗೆ 59 ಮೈಲಿ, ಎಲ್ಲರನ್ನೂ ಒಟ್ಟಿಗೆ ಬಿಟ್ಟು ರೇಸ್ ನಡೆಸಿದ. ಸಂಘ ಅವನನ್ನು ಹೊರಹಾಕಿತು. ಆ ಹೊತ್ತಿಗೆ ಒಬ್ಬೊಬ್ಬರೇ ಓಡುವುದಕ್ಕೆ ಅಡ್ಡಿಯಿರಲಿಲ್ಲ. ಗುಂಪಾಗಿ ಓಡುವ ಸುಖಕ್ಕಾಗಿ ಆತ ಸಂಘವನ್ನೇ ಬಿಟ್ಟುಕೊಟ್ಟ. ನಂದಿ ರಸ್ತೆಯ ಗುಂಪನ್ನು ನೋಡಿದ ಮೇಲೆ ಅವನ ಹಟ ನನಗೆ ಅರ್ಥವಾಗುತ್ತದೆ.

*

ಬೆಟ್ಟ ಹತ್ತದ ರೇಸಿನ ಕೊನೆಯ ಇನ್ನೂರು ಮೀಟರ್. ಸೀಟಿನಿಂದೆದ್ದು, ಹ್ಯಾಂಡಲ್ ಕೆಳಗೆ ಹಿಡಿದು, ಸೈಕಲ್ಲನ್ನು ಎಡಕ್ಕೂ ಬಲಕ್ಕೂ ಬಾಗಿಸುತ್ತ ಆರು ಜನ ಒಟ್ಟಿಗೆ ನುಗ್ಗಿ ಬಂದಾಗ ರಸ್ತೆಯ ಅಂಚಿನಲ್ಲಿ ನಿಂತವರ ಎದೆಯೂ ಹೊಡೆದುಕೊಳ್ಳುತ್ತದೆ. ಅಷ್ಟು ಹೊತ್ತು ಹಂಚಿಕೊಂಡ ಗಾಳಿಯ ಋಣ ಇಲ್ಲಿ ಯಾರಿಗೂ ಇಲ್ಲ. ಗೆರೆ ದಾಟಿ ಮೂವತ್ತು ಸೆಕೆಂಡಿಗೆ ಅದೇ ಆರು ಜನ ಒಬ್ಬರ ಹೆಗಲಿಗೆ ಒಬ್ಬರು ಒರಗಿ ಕೆಮ್ಮುತ್ತಿರುತ್ತಾರೆ, ನಗುತ್ತಿರುತ್ತಾರೆ.

ಆಮೇಲೆ ಹೋಟೆಲ್ಲು. ಇಡ್ಲಿ, ಖಾಲಿ ದೋಸೆ, ಕಾಫಿ. ಎಲ್ಲರೂ ಅದೇ ರೇಸನ್ನು ಮತ್ತೆ ಓಡುತ್ತಾರೆ, ಈ ಸಲ ಬಾಯಲ್ಲಿ. "ಆ ಹಂಪ್ ಹತ್ರ ನೀನು ಎಳೀದೇ ಇದ್ದಿದ್ರೆ ನಾನು ಅಲ್ಲೇ ಉದುರಿಹೋಗ್ತಿದ್ದೆ ಮಗಾ." ಇಪ್ಪತ್ತೆಂಟನೆಯವನಾಗಿ ಬಂದವನ ಕಥೆಯನ್ನೂ ಗೆದ್ದವನು ಪೂರ್ತಿ ಕೇಳುತ್ತಾನೆ. ನನ್ನ ಪ್ರಶ್ನೆಗೆ ಉತ್ತರ ಈ ಮೇಜಿನ ಸುತ್ತಲೇ ಇದೆ ಎನಿಸುತ್ತದೆ: ತಮ್ಮ ಮೈ ಪೂರ್ತಿ ಬರಿದಾದ ಹೊತ್ತನ್ನು ಕಣ್ಣಾರೆ ಕಂಡವರು ಇವರಿಗೆ ಬೇಕು. ಮನೆಯಲ್ಲಿ, ಆಫೀಸಿನಲ್ಲಿ ಅಂಥವರು ಯಾರಿದ್ದಾರೆ?

*

ಬೆಂಗಳೂರು ಬೈಸಿಕಲ್ ಚಾಂಪಿಯನ್‌ಶಿಪ್ಸ್‌ನಂಥ ಸರಣಿಗಳನ್ನು ಕಟ್ಟಿ ಬೆಳೆಸಿದವರು ಸಂಬಳವಿಲ್ಲದೆ ದುಡಿದ ಸವಾರರೇ. ಇಂಥ ರೇಸುಗಳಲ್ಲಿ ಓಡಿದ ಎಂಜಿನಿಯರ್ ನವೀನ್ ಜಾನ್ ಟೈಂ ಟ್ರಯಲಿನಲ್ಲಿ ರಾಷ್ಟ್ರೀಯ ಚಾಂಪಿಯನ್ ಆಗಿ, 2016ರಲ್ಲಿ ದೋಹಾದ ವಿಶ್ವ ಚಾಂಪಿಯನ್‌ಶಿಪ್‌ವರೆಗೂ ಹೋದರು. ಸಮಯ ಬರೆಯುವವರು, ತಿರುವಿನಲ್ಲಿ ಬಾವುಟ ಹಿಡಿದು ನಿಲ್ಲುವವರು, ಕೊನೆಯವರು ಬರುವ ತನಕ ಬಾಟಲಿ ಹಿಡಿದು ಕಾಯುವವರು ಇಲ್ಲದಿದ್ದರೆ ರೇಸೇ ಇಲ್ಲ. ರಸ್ತೆಯನ್ನು ಪೂರ್ತಿ ಮುಚ್ಚುವ ಭಾಗ್ಯ ಹವ್ಯಾಸಿಗಳಿಗೆ ಸಿಗುವುದು ಅಪರೂಪ. ಟ್ರ್ಯಾಕ್ಟರು, ಹಾಲಿನ ವ್ಯಾನು, ಬೆಟ್ಟಕ್ಕೆ ಸೂರ್ಯೋದಯ ನೋಡಲು ಹೊರಟ ಕಾರುಗಳು ಅದೇ ರಸ್ತೆಯಲ್ಲಿ ಬರುತ್ತವೆ. ನನಗೆ ಭಯವಾಗುವುದು ಅಲ್ಲಿ ಮಾತ್ರ.

ಆದ್ದರಿಂದ, ಭಾನುವಾರ ಬೆಳಗ್ಗೆ ಆ ಕಡೆ ಕಾರು ಓಡಿಸುವವರಲ್ಲಿ ಒಂದು ಕೋರಿಕೆ. ಗುಂಪು ಕಂಡರೆ ಬೆನ್ನ ಹಿಂದೆ ಹಾರ್ನ್ ಹೊಡೆಯಬೇಡಿ, ಬೆಚ್ಚಿದರೆ ಬೀಳುತ್ತಾರೆ. ದಾಟುವಾಗ ಒಂದೂವರೆ ಮೀಟರ್ ಜಾಗ ಬಿಡಿ. ಬಿಡುವಿದ್ದರೆ ಇಳಿದು ಒಂದು ತಿರುವಿನಲ್ಲಿ ಬಾವುಟ ಹಿಡಿದು ನಿಲ್ಲಿ. ಆ ಕೆಲಸಕ್ಕೆ ಜನ ಯಾವಾಗಲೂ ಕಡಿಮೆಯೇ.