ಉಪ್ಪಿಗೆ ಮುಗಿಬಿದ್ದವರನ್ನ ನೋಡಿ ನಗೋ ಮುಂಚೆ



ಹೋದ ವಾರ ಮೂಢನಂಬಿಕೆ ಕುರಿತ ಒಂದು ವಿಚಾರಗೋಷ್ಠಿಗೆ ಹೋಗಿದ್ದೆ. ಮಾತಾಡಿದವರು ಚೆನ್ನಾಗಿ ಓದಿಕೊಂಡವರು, ನಮ್ಮ ಕಡೆಯವರೇ. ನಡುವೆ 2011ರಲ್ಲಿ ಚೀನಾದ ಜನ ಉಪ್ಪಿಗೆ ಮುಗಿಬಿದ್ದ ಕಥೆ ತೆಗೆದರು. ಜಪಾನಿನಲ್ಲಿ ಅಣುಸ್ಥಾವರ ಕೆಟ್ಟರೆ ಚೀನಾದಲ್ಲಿ ಉಪ್ಪಿನ ಅಂಗಡಿ ಖಾಲಿ! ಸಭೆ ಗೊಳ್ಳೆಂದು ನಕ್ಕಿತು. ನನಗೆ ನಗು ಬರಲಿಲ್ಲ. ಎದ್ದು ಎರಡು ಮಾತು ಹೇಳೋಣ ಅಂದ್ರೆ ಊಟದ ಹೊತ್ತಾಗಿತ್ತು, ಮೈಕ್ ಆಫ್ ಮಾಡಿಬಿಟ್ಟರು. ಅದಕ್ಕೇ ಇಲ್ಲಿ ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತು ಮಾಡ್ಕೊಂಡು ಓದಿ.

ಮೊದಲು ಏನಾಯ್ತು ಅಂತ ನೋಡೋಣ. 2011ರ ಮಾರ್ಚ್ 11ರಂದು ಜಪಾನಿನ ಈಶಾನ್ಯ ಕರಾವಳಿಯಲ್ಲಿ ಭೂಕಂಪ, ಅದರ ಬೆನ್ನಿಗೇ ಸುನಾಮಿ. ಫುಕುಶಿಮಾ ದಾಯಿಚಿ ಸ್ಥಾವರಕ್ಕೆ ನೀರು ನುಗ್ಗಿ, ಕರೆಂಟ್ ಹೋಗಿ, ರಿಯಾಕ್ಟರುಗಳನ್ನ ತಣ್ಣಗಿಡೋ ವ್ಯವಸ್ಥೆ ನಿಂತುಹೋಯ್ತು. ವಿಕಿರಣ ಹೊರಬಿತ್ತು. ಇಷ್ಟು ನಿಜ. ನಾಲ್ಕೈದು ದಿನದಲ್ಲಿ ಚೀನಾದ ಮೊಬೈಲುಗಳಲ್ಲಿ ಎರಡು ಮಾತು ಓಡಾಡಿದವು. ಅಯೋಡಿನ್ ಇರೋ ಉಪ್ಪು ತಿಂದರೆ ವಿಕಿರಣ ತಾಗಲ್ಲ ಅನ್ನೋದು ಒಂದು. ಸಮುದ್ರ ಕೆಟ್ಟುಹೋಯ್ತು, ಇನ್ಮೇಲೆ ಬರೋ ಉಪ್ಪೆಲ್ಲ ವಿಷ ಅನ್ನೋದು ಇನ್ನೊಂದು. ಮಾರ್ಚ್ 16, 17ರ ಹೊತ್ತಿಗೆ ಝೆಜಿಯಾಂಗ್, ಗುವಾಂಗ್‌ಡಾಂಗ್, ಶಾಂಘೈ, ಬೀಜಿಂಗ್, ಎಲ್ಲಾ ಕಡೆ ಉಪ್ಪು ಖಾಲಿ. ಉಪ್ಪು ಸಿಗದವರು ಸೋಯಾ ಸಾಸ್ ಬಾಟಲಿ ಹೊತ್ಕೊಂಡು ಹೋದರು. ವುಹಾನಿನ ಒಬ್ಬಾತ ಆರೂವರೆ ಟನ್ ಉಪ್ಪು ತಂದು ಮನೆ ತುಂಬಿಸಿಕೊಂಡ ಅಂತ ಸುದ್ದಿಯಾಯ್ತು. ನಮ್ಮ ಸಭೆ ಜಾಸ್ತಿ ನಕ್ಕಿದ್ದು ಇದಕ್ಕೇ.

ಆದರೆ ಆ ಸುಳ್ಳಿನ ಒಳಗೆ ಒಂದು ಕಾಳು ನಿಜ ಇತ್ತು. ಸ್ಥಾವರದಿಂದ ಹೊರಬೀಳೋ ಅಯೋಡಿನ್-131 ಉಸಿರಲ್ಲಿ, ಹಾಲಲ್ಲಿ ಸೇರಿ ಕತ್ತಿನ ಥೈರಾಯ್ಡ್ ಗ್ರಂಥಿಗೆ ಹೋಗಿ ಕೂರುತ್ತೆ. ಮೊದಲೇ ಒಳ್ಳೆ ಅಯೋಡಿನ್ ತುಂಬಿಸಿಬಿಟ್ಟರೆ ಕೆಟ್ಟದ್ದಕ್ಕೆ ಒಳಗೆ ಜಾಗ ಇರಲ್ಲ. ಅದಕ್ಕೇ ಸ್ಥಾವರದ ಆಸುಪಾಸಿನವರಿಗೆ ಪೊಟ್ಯಾಸಿಯಂ ಅಯೊಡೈಡ್ ಮಾತ್ರೆ ಕೊಡೋದು. ದೊಡ್ಡವರ ಒಂದು ಮಾತ್ರೆಯಲ್ಲಿ ಸುಮಾರು 100 ಮಿಲಿಗ್ರಾಂ ಅಯೋಡಿನ್. ನಮ್ಮ ದೇಶದ ನಿಯಮದ ಪ್ರಕಾರ ಅಂಗಡಿಯ ಒಂದು ಕೆಜಿ ಉಪ್ಪಿನಲ್ಲಿ ಕನಿಷ್ಠ 15 ಮಿಲಿಗ್ರಾಂ ಇರಬೇಕು. ಲೆಕ್ಕ ನೀವೇ ಹಾಕಿ, ಒಂದು ಮಾತ್ರೆಗೆ ಆರೂವರೆ ಕೆಜಿಗಿಂತ ಜಾಸ್ತಿ ಉಪ್ಪು ತಿನ್ನಬೇಕು. ವಿಕಿರಣಕ್ಕಿಂತ ಮೊದಲು ಉಪ್ಪೇ ಆಳನ್ನ ಮಣ್ಣಿಗೆ ಹಾಕುತ್ತೆ. ಇನ್ನು ಸೀಸಿಯಂ-137ಕ್ಕೆ ಆ ಮಾತ್ರೆಯೂ ತಡೆ ಅಲ್ಲ. ಸಮುದ್ರದ ಮಾತೂ ಅಷ್ಟೇ. 2023ರ ಆಗಸ್ಟ್ 24ಕ್ಕೆ ಜಪಾನ್ ಸಂಸ್ಕರಿಸಿದ ನೀರನ್ನ ಸಮುದ್ರಕ್ಕೆ ಬಿಡೋಕೆ ಶುರು ಮಾಡಿದಾಗ ಚೀನಾದಲ್ಲಿ ಮತ್ತೆ ಇದೇ ಗಲಾಟೆ. ತಮ್ಮ ಉಪ್ಪಿನಲ್ಲಿ ಶೇ 87 ಬಾವಿ-ಗಣಿಗಳದ್ದು, ಸಮುದ್ರದ್ದು ಶೇ 10 ಅಷ್ಟೇ ಅಂತ ಅಲ್ಲಿನ ಸರ್ಕಾರಿ ಉಪ್ಪಿನ ಕಂಪನಿ ಹೇಳಬೇಕಾಯ್ತು.

ಹೇಳಿದರೆ ಜನ ನಂಬ್ತಾರಾ? ಯಾಕೆ ನಂಬಬೇಕು? 2008ರಲ್ಲಿ ಅದೇ ಚೀನಾದಲ್ಲಿ ಕೂಸುಗಳ ಹಾಲಿನ ಪುಡಿಗೆ ಮೆಲಮೈನ್ ಬೆರೆಸಿದ್ದರು. ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದವು, ಆರು ಕೂಸು ಸತ್ತವು. ಗೊತ್ತಿದ್ದವರು ಒಲಿಂಪಿಕ್ಸ್ ಮುಗಿಯೋ ತನಕ ಬಾಯಿ ಬಿಡಲಿಲ್ಲ. ಇದಾಗಿ ಮೂರು ವರ್ಷಕ್ಕೆ 'ಭಯಪಡಬೇಡಿ, ದಾಸ್ತಾನು ಸಾಕಷ್ಟಿದೆ' ಅಂತ ಅದೇ ಸರ್ಕಾರ ಹೇಳಿತು. ಮಗು ಕಳಕೊಂಡ ತಾಯಿ ಎರಡು ಪಾಕೀಟು ಉಪ್ಪು ಜಾಸ್ತಿ ಕೊಂಡರೆ ಅದನ್ನ ಮೂಢನಂಬಿಕೆ ಅನ್ನೋಕೆ ನನಗೆ ನಾಲಿಗೆ ಬರಲ್ಲ. ದಕ್ಷಿಣ ಕೊರಿಯಾದಲ್ಲಿ ಇನ್ನೊಂದು ತಮಾಷೆ. ಜನರ ಭಯ ಬಿಡಿಸ್ತೀವಿ ಅಂತ ಆಳುವ ಪಕ್ಷದ ಸಂಸದರು ಮೀನು ಮಾರ್ಕೆಟ್ಟಿಗೆ ಹೋಗಿ ತೊಟ್ಟಿಯ ನೀರನ್ನ ಬೊಗಸೆಯಲ್ಲಿ ಕುಡಿದು ತೋರಿಸಿದರು. ಜಪಾನ್ ಇನ್ನೂ ನೀರು ಬಿಡೋಕೆ ಎರಡು ತಿಂಗಳು ಬಾಕಿ ಇತ್ತು!

ಉಪ್ಪು ಅಂದ್ರೆ ನನಗೆ ನೆನಪಾಗೋದು ಬೇರೆ. ನಮ್ಮ ತಾತ ತೊಗಲಿನ ಕೆಲಸ ಮಾಡ್ತಿದ್ದವರು. ಸತ್ತ ದನ ಹೊತ್ತು ತಂದು, ಸುಲಿದು, ವ್ಯಾಪಾರಿ ಬರೋ ತನಕ ತೊಗಲು ಕೊಳೀದಂಗೆ ಕಲ್ಲುಪ್ಪು ಎರಚಿ ಮಡಿಸಿಡಬೇಕು. ಉಪ್ಪಿನ ಬೆಲೆ ಏರಿದಷ್ಟೂ ತಾತನ ಕೂಲಿ ಇಳೀತಿತ್ತು. ಮನೇಲಿ ಮುದ್ದೆಗೆ ಸಾರಿಲ್ಲದ ದಿನ ಉಪ್ಪು-ಮೆಣಸಿನಕಾಯಿಯೇ ಸಾರು. ಊರಿನ ಅಂಗಡಿಯವನು ಅವ್ವನ ಸೆರಗಿಗೆ ಮೇಲಿಂದ ಉಪ್ಪು ಸುರೀತಿದ್ದ. ಅವನ ಸೇರು ನಮ್ಮ ಸೆರಗಿಗೆ ತಾಗಬಾರದಲ್ಲ! ಅರ್ಧ ಸೆರಗಿಗೆ ಬಿದ್ದರೆ ಅರ್ಧ ನೆಲಕ್ಕೆ. ಅವ್ವ ಮಣ್ಣಿನ ಸಮೇತ ಬಳಿದು ತಂದು, ನೀರಲ್ಲಿ ಕರಗಿಸಿ, ಮಣ್ಣು ತಳ ಕೂತ ಮೇಲೆ ಮೇಲಿನ ಉಪ್ಪುನೀರು ಬಸಿದುಕೊಳ್ಳೋಳು. "ಉಪ್ಪಿಗೆ ಯಾವ ಮಣ್ಣೂ ಅಂಟಲ್ಲ ಕಣ್ಲ" ಅನ್ನೋಳು.

ಹೀಗೆ ದಿನಕ್ಕೆ ಬೇಕಾದಷ್ಟನ್ನ ದಿನವೇ ಕೊಳ್ಳೋ ಮನೆಗಳಿಗೆ ವದಂತಿ ಏನು ಮಾಡುತ್ತೆ ಅಂತ ನೋಡಿ. ಕೈಯಲ್ಲಿ ದುಡ್ಡು, ಮನೇಲಿ ಜಾಗ ಇರೋನು ಹತ್ತು ಕೆಜಿ ತಗೊಂಡು ಹೋಗ್ತಾನೆ. ಕೂಲಿ ಮುಗಿಸಿ ಸಂಜೆ ಏಳಕ್ಕೆ ಅಂಗಡಿಗೆ ಬರೋಳಿಗೆ ಖಾಲಿ ಚೀಲ, ಇಲ್ಲಾಂದ್ರೆ ನಾಲ್ಕು ಪಟ್ಟು ಬೆಲೆ. ಅವಳು ವದಂತಿ ಕೇಳಿರಲ್ಲ, ಕೇಳಿದರೂ ನಂಬಿರಲ್ಲ. ದುಡ್ಡು ಕಟ್ಟೋಳು ಮಾತ್ರ ಅವಳೇ. 2016ರ ನವೆಂಬರಿನಲ್ಲಿ ನೋಟು ರದ್ದಾದ ಮೂರೇ ದಿನಕ್ಕೆ ಉತ್ತರ ಭಾರತದಲ್ಲಿ ಉಪ್ಪು ಮುಗೀತು ಅಂತ ಸುಳ್ಳು ಹಬ್ಬಿ, ಕೆಲವು ಕಡೆ ಕೆಜಿಗೆ ಇನ್ನೂರು, ಮುನ್ನೂರು ರೂಪಾಯಿ ಕಿತ್ತರು. ಅಲ್ಲಿ ವಿಕಿರಣ ಇರಲಿಲ್ಲ, ಆದರೂ ಹೊಡೆತ ತಿಂದೋರು ಅವರೇ. ಚೀನಾದಲ್ಲಿ ವಾರದೊಳಗೆ ಗಲಾಟೆ ತಣ್ಣಗಾಗಿ, ಜಾಸ್ತಿ ಕೊಂಡವರು ದುಡ್ಡು ವಾಪಸ್ ಕೊಡಿ ಅಂತ ಅಂಗಡಿ ಮುಂದೆ ಸಾಲು ನಿಂತರು. ಅವತ್ತು ಸಂಜೆ ದುಬಾರಿ ಉಪ್ಪು ಕೊಂಡು ಸಾರಿಗೆ ಹಾಕಿದವಳು ಯಾವ ಸಾಲಲ್ಲಿ ನಿಲ್ಲಬೇಕು?

ಇನ್ನು ಆ ಅಂಗಡಿಯವನ ಸೇರಿನ ವಿಷಯ. ಕಣ್ಣಿಗೆ ಕಾಣದ ಏನೋ ಒಂದು ಅವ್ವನ ಸೆರಗಿನಿಂದ ಹಾರಿ ಸೇರಿಗೆ ಅಂಟುತ್ತೆ, ಸೇರಿಂದ ಚೀಲಕ್ಕೆ, ಚೀಲದಿಂದ ಊರಿಗೆ ಹರಡುತ್ತೆ ಅಂತ ಅವನಿಗೆ ಗ್ಯಾರಂಟಿ ಇತ್ತು. ವಿಕಿರಣ ಅಳೆಯೋಕೆ ಗೈಗರ್ ಕೌಂಟರ್ ಇದೆ. ಅದು ಇಷ್ಟಿದೆ, ಇಷ್ಟು ದಿನಕ್ಕೆ ಅರ್ಧ ಆಗುತ್ತೆ ಅಂತ ಲೆಕ್ಕ ಇದೆ. ಅಯೋಡಿನ್-131 ಎಂಟು ದಿನಕ್ಕೆ ಅರ್ಧ, ಸೀಸಿಯಂ-137 ಮೂವತ್ತು ವರ್ಷಕ್ಕೆ ಅರ್ಧ. ಮೈಲಿಗೆಗೆ ಮೀಟರೂ ಇಲ್ಲ, ಅರ್ಧ ಆಯುಷ್ಯವೂ ಇಲ್ಲ. ಎರಡು ಸಾವಿರ ವರ್ಷದಿಂದ ಅಷ್ಟಕ್ಕಷ್ಟೇ ಇದೆ.

ಜಪಾನಿನಲ್ಲಿ ಉಪ್ಪಿನ ಭಯ ಮನುಷ್ಯರಿಗೇ ಅಂಟಿಕೊಂಡಿತು. ಅಲ್ಲಿಗೂ ಮೈಲಿಗೆ ಹೊಸದಲ್ಲ. ನಮ್ಮ ಹಾಗೆ ತೊಗಲು ಹದ ಮಾಡಿದ, ದನ ಕೊಯ್ದ ಬುರಾಕು ಜನರನ್ನ ಹಿಂದೆ 'ಎತ' ಅಂತ ಕರೀತಿದ್ದರು. ಅದನ್ನ ಬರೆಯೋ ಅಕ್ಷರಗಳ ಅರ್ಥವೇ 'ಕೊಳಕು ತುಂಬಿದವರು' ಅಂತ. ಹಿರೋಶಿಮಾ, ನಾಗಾಸಾಕಿಯಲ್ಲಿ ಬದುಕಿ ಉಳಿದವರಿಗೆ ಹೆಣ್ಣು-ಗಂಡು ಸಿಗೋದು ಕಷ್ಟ ಆಗಿತ್ತು. ಫುಕುಶಿಮಾ ಬಿಟ್ಟು ಓಡಿಬಂದವರಿಗೂ ಅದೇ ಕಥೆ. ಯೊಕೊಹಾಮಾಗೆ ಬಂದ ಒಬ್ಬ ಹುಡುಗನನ್ನ ಜೊತೆ ಹುಡುಗರು 'ಕ್ರಿಮಿ' ಅಂತ ಕರೆದು, ಹೊಡೆದು, ದುಡ್ಡು ಕಿತ್ತರು. 2016ರ ನವೆಂಬರಿನಲ್ಲಿ ಅವನ ಕೈಬರಹ ಹೊರಗೆ ಬಂತು. ಎಷ್ಟೋ ಸಲ ಸಾಯೋಣ ಅನಿಸಿತ್ತು, ಆದರೆ ಭೂಕಂಪದಲ್ಲಿ ಅಷ್ಟೊಂದು ಜನ ಸತ್ತಿದ್ದಾರೆ, ಅದಕ್ಕೆ ಕಷ್ಟ ಆದರೂ ಬದುಕ್ತೀನಿ ಅಂತ ತೀರ್ಮಾನ ಮಾಡಿದೀನಿ ಅನ್ನೋ ಅರ್ಥದ ಮಾತು ಬರೆದಿದ್ದ. ಅದನ್ನ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಶಾಲೆಯಲ್ಲಿ ನೀರಿನ ಹೂಜಿ ಮುಟ್ಟಿದ್ದಕ್ಕೆ ಬೆರಳ ಗೆಣ್ಣಿನ ಮೇಲೆ ಏಟು ತಿಂದ ಯಾರಿಗೂ ಬರಲ್ಲ.

ನಿಜವಾದ ವಿಕಿರಣ ಯಾರ ಮೈಗೆ ಹೋಯ್ತು? 2011ರಲ್ಲೇ ಒಸಾಕಾದ ಕಾಮಗಾಸಾಕಿಯಲ್ಲಿ, ದಿನಗೂಲಿಗಳು ಬೆಳಿಗ್ಗೆ ಕೆಲಸಕ್ಕೆ ಕಾಯೋ ಜಾಗದಲ್ಲಿ, ಒಬ್ಬ ಕಾರ್ಮಿಕನಿಗೆ ಮಿಯಾಗಿಯಲ್ಲಿ ಲಾರಿ ಓಡಿಸೋ ಕೆಲಸ ಅಂತ ಹೇಳಿ ಕರೆದೊಯ್ದು ಫುಕುಶಿಮಾ ಸ್ಥಾವರದೊಳಗೆ ದುಡಿಸಿದರು. ನಮ್ಮ ಕೈಗಾದಲ್ಲಿ 2009ರ ನವೆಂಬರಿನಲ್ಲಿ ಟ್ರೀಷಿಯಂ ಇದ್ದ ಭಾರಜಲವನ್ನ ಕುಡಿಯೋ ನೀರಿನ ಕೂಲರಿಗೆ ಯಾರೋ ಬೆರೆಸಿದ್ದರು. ಐವತ್ತಕ್ಕೂ ಹೆಚ್ಚು ಮಂದಿ ಕೆಲಸಗಾರರ ದೇಹಕ್ಕೆ ಸೇರಿತು. 2010ರಲ್ಲಿ ದೆಹಲಿ ವಿಶ್ವವಿದ್ಯಾಲಯ ವರ್ಷಗಟ್ಟಲೆ ಮೂಲೇಲಿ ಬಿದ್ದಿದ್ದ ಗಾಮಾ ಯಂತ್ರವೊಂದನ್ನ ಹರಾಜಲ್ಲಿ ಮಾರಿತು. ಒಳಗೆ ಕೋಬಾಲ್ಟ್-60 ಇದೆ ಅಂತ ಮಾಯಾಪುರಿಯ ಗುಜರಿ ಮಾರ್ಕೆಟ್ಟಿನ ಹುಡುಗರಿಗೆ ಯಾರು ಹೇಳಬೇಕು? ಬಿಚ್ಚಿದರು, ಕತ್ತರಿಸಿದರು. ಒಬ್ಬ ಹೊಳೆಯೋ ಚೂರನ್ನ ಪರ್ಸಲ್ಲಿ ಇಟ್ಕೊಂಡು ತಿರುಗಿದ. ಚರ್ಮ ಕಪ್ಪಾಯ್ತು, ಕೂದಲು ಉದುರಿತು. ಏಪ್ರಿಲ್ ಕೊನೇಲಿ ಒಬ್ಬ ಕಾರ್ಮಿಕ ಸತ್ತ. ಗುಜರಿ ಕೆಲಸಕ್ಕೆ ಯಾವ ಕೇರಿಯ ಮಕ್ಕಳು ಹೋಗ್ತಾರೆ ಅಂತ ನಿಮಗೆ ಹೇಳಬೇಕಿಲ್ಲ. ಭಯ ಉಪ್ಪಿನ ಕಡೆ ಓಡ್ತಿದ್ದರೆ ವಿಕಿರಣ ಸದ್ದಿಲ್ಲದೆ ಕೂಲಿಯವನ ಜೇಬಲ್ಲಿ ಕೂತಿತ್ತು.

2023ರಲ್ಲಿ ನನ್ನ ಅಕ್ಕನ ಮಗ ಒಂದು ಫಾರ್ವರ್ಡ್ ಕಳಿಸಿ ಫೋನ್ ಮಾಡಿದ. "ಮಾವ, ಜಪಾನವ್ರು ನೀರು ಬಿಟ್ಟವ್ರಂತೆ, ಸಮುದ್ರದ ಉಪ್ಪು ತಿನ್ನಂಗಿಲ್ವಂತೆ, ಐದು ಪಾಕೀಟು ತಗಂಡಿಡ್ಲಾ?" ಬೈಯ್ಯಲಿಲ್ಲ. ಈ ಮೇಲಿನದನ್ನೆಲ್ಲ ಹೇಳಿದೆ. ಮಾಯಾಪುರಿ ಕಥೆ ಕೇಳಿ ಸುಮ್ಮನಾದ. ಆಮೇಲೆ "ನಮ್ಮ ಓಣಿಯಲ್ಲೇ ಮೂರು ಗುಜರಿ ಅಂಗಡಿ ಇವೆ ಮಾವ, ಅವರಿಗೆ ಯಾರು ಹೇಳವ್ರೆ?" ಅಂದ.

ಉಪ್ಪಿಗಿಟ್ಟಿದ್ದ ದುಡ್ಡಲ್ಲಿ ಇಬ್ಬರೂ ಸೇರಿ ಒಂದು ಕಾಗದ ಅಚ್ಚು ಹಾಕಿಸಿದೆವು. ಹಳದಿ ಮೇಲೆ ನಡುವೆ ಚುಕ್ಕಿ, ಸುತ್ತ ಮೂರು ಕಪ್ಪು ಎಸಳು. ಕೆಳಗೆ ದೊಡ್ಡ ಅಕ್ಷರದಲ್ಲಿ: 'ಈ ಗುರುತು ಇರೋ ಯಾವುದನ್ನೂ ಬಿಚ್ಚಬೇಡಿ, ಕತ್ತರಿಸಬೇಡಿ. ಗಾತ್ರಕ್ಕಿಂತ ಭಾರ ಜಾಸ್ತಿ ಇರೋ ಸೀಸದ ಡಬ್ಬ ಕಂಡರೆ ದೂರ ಹೋಗಿ, 112ಕ್ಕೆ ಫೋನ್ ಮಾಡಿ.' ಬೆಂಗಳೂರಿನ ಜಾಲಿ ಮೊಹಲ್ಲಾದಲ್ಲೂ ಒಂದು ದಿನ ಸುತ್ತಿದೆವು. ಕೆಲವರು ಅಂಟಿಸಿಕೊಂಡರು. ಒಬ್ಬ ಹುಡುಗ ನೋಡಿ, "ಅಣ್ಣ, ಇದು ಫ್ಯಾನ್ ಗುರುತಲ್ವಾ?" ಅಂದ. ಅರ್ಧ ಗಂಟೆ ಅವನ ಜೊತೆ ಕೂತಿದ್ದೆವು.

ನನ್ನ ಹತ್ರ ಇನ್ನೂ ನಲವತ್ತು ಕಾಗದ ಉಳಿದಿವೆ. ನಿಮ್ಮ ಏರಿಯಾದ ಗುಜರಿ ಅಂಗಡಿಗಳಿಗೆ ಬೇಕಾದರೆ ಇನ್‌ಬಾಕ್ಸಿಗೆ ಬನ್ನಿ. ಉರ್ದು, ತಮಿಳಿನಲ್ಲಿ ಬರೆದುಕೊಡೋರು ಇದ್ದರೆ ಅವರೂ ಬನ್ನಿ, ಅಲ್ಲಿ ಕನ್ನಡ ಓದೋರು ಕಮ್ಮಿ.