ದಿನಕ್ಕೆ ಕಾಲು ಗಂಟೆ

ಮನೆವಾರ್ತೆ ನೋಡಿಕೊಳ್ಳುವ ಹೆಂಗಸಿಗೆ ಹೊತ್ತೆಂಬುದು ಚಿಲ್ಲರೆಯಾಗಿಯೇ ಸಿಕ್ಕುವುದು: ಹಾಲು ಕಾಯುವ ತನಕ ಐದು ನಿಮಿಷ, ಅನ್ನ ಬೇಯುವ ತನಕ ಹತ್ತು ನಿಮಿಷ. ಅದನ್ನು ಕೈಯೆತ್ತಿ ಇಳಿಸುತ್ತ, ಉಸಿರೆಳೆದು ಬಿಡುತ್ತ ಕಳೆಯಿರೆಂದು ಯಾರಾದರೂ ಹೇಳಿದರೆ, ಅದರಿಂದ ಬರುವ ಫಲವೇನೆಂದು ಕೇಳುವ ಹಕ್ಕು ಅವಳಿಗುಂಟು. ಚೀನೀಯರ ಚೀಗೊಂಗ್ ಎಂಬ ಸಾಧನೆಯನ್ನು ಮೂರು ವರ್ಷಗಳಿಂದ ಬಿಡದೆ ಮಾಡುತ್ತಿರುವ ನನ್ನನ್ನು ಗೆಳತಿಯರು ಈ ಪ್ರಶ್ನೆಯನ್ನೇ ಕೇಳುತ್ತಿರುವರು. ಒಬ್ಬೊಬ್ಬರಿಗೆ ಬೇರೆಬೇರೆಯಾಗಿ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡುವುದೇ ಮೇಲೆಂದು ತೋರಿತು.

ನಾನು ಇದನ್ನು ಕಲಿತುದು ಸಿಂಗಪುರದಲ್ಲಿ, ಮಗಳ ಬಾಣಂತನಕ್ಕೆಂದು ಹೋಗಿ ಆರು ತಿಂಗಳು ಇದ್ದಾಗ. ಅಲ್ಲಿ ಬಹು ಮಂದಿ ವಾಸಿಸುವುದು ಸರಕಾರವು ಕಟ್ಟಿಸಿದ ಬಹುಮಹಡಿಯ ಮನೆಗಳಲ್ಲಿ. ಅವುಗಳ ಕೆಳಗೆ ಗೋಡೆಗಳಿಲ್ಲದ ವಿಶಾಲವಾದ ಹಜಾರವನ್ನು ಬಿಟ್ಟಿರುವರು. ಬೆಳಗಿನ ಏಳು ಗಂಟೆಗೆ ಹತ್ತು ಹನ್ನೆರಡು ಮಂದಿ ಚೀನೀ ಮುದುಕಿಯರು ಅಲ್ಲಿ ಸಾಲಾಗಿ ನಿಲ್ಲುತ್ತಿದ್ದರು. ಕೂಸನ್ನೆತ್ತಿಕೊಂಡು ದಿನವೂ ನೋಡುತ್ತಿದ್ದ ನನ್ನನ್ನು ಅವರಲ್ಲೊಬ್ಬರು ಒಂದು ದಿನ ಸನ್ನೆಮಾಡಿ ಕರೆದರು. ಮರುದಿನ ಕೂಸನ್ನು ಅಳಿಯಂದಿರ ಕೈಗಿತ್ತು ಹೋದೆನು. ನಮ್ಮಿಬ್ಬರಿಗೂ ತಿಳಿದ ಭಾಷೆಯೆಂದರೆ "ಆಂಟಿ, ಸ್ಲೋಲಿ" ಎಂಬ ಎರಡು ಮಾತು, ಅಷ್ಟೇ ಸಾಕಾಯಿತು.

ಅವರು ಮಾಡುತ್ತಿದ್ದುದಕ್ಕೆ ಬಾದುವಾನ್‌ಜಿನ್, ಎಂದರೆ ಎಂಟು ತುಂಡು ಜರತಾರಿ ರೇಷ್ಮೆ, ಎಂದು ಹೆಸರು. ಚಲನೆಗಳೂ ಎಂಟೇ. ಎರಡು ಕೈಗಳನ್ನೂ ಹೆಣೆದು ಆಕಾಶವನ್ನು ಎತ್ತಿಹಿಡಿಯುವಂತೆ ಮೇಲಕ್ಕೊಯ್ಯುವುದು ಮೊದಲನೆಯದು. ಕುದುರೆಯೇರಿದವರಂತೆ ಮಂಡಿ ಬಾಗಿಸಿ ನಿಂತು ಬಿಲ್ಲೆಳೆಯುವುದು ಎರಡನೆಯದು. ಹಿಮ್ಮಡಿಗಳನ್ನೆತ್ತಿ ತುದಿಗಾಲಲ್ಲಿ ನಿಂತು ಮತ್ತೆ ಇಳಿಯುವುದು ಕಡೆಯದು. ಎಲ್ಲವೂ ಉಸಿರಿನ ಗತಿಯಲ್ಲಿಯೇ ಸಾಗಬೇಕು, ಅವಸರ ಕೂಡದು. ನಮ್ಮ ಯೋಗಾಸನಗಳಿರುವಾಗ ಇದೇಕೆಂದು ಕೇಳುವವರುಂಟು. ನೆಲದ ಮೇಲೆ ಕುಳಿತರೆ ಏಳಲಾರದ ಮಂಡಿಗಳಿಗೆ, ನಿಂತಲ್ಲಿಯೇ ಮುಗಿಯುವ ಈ ಸಾಧನೆಯು ಒಪ್ಪುವುದು. ಉಟ್ಟ ಸೀರೆಯನ್ನು ಬದಲಿಸಬೇಕಾಗಿಯೂ ಇಲ್ಲ!

'ಚೀ' ಎಂದರೆ ಉಸಿರು, ಪ್ರಾಣ. 'ಗೊಂಗ್' ಎಂದರೆ ಬಹುಕಾಲ ದುಡಿದು ಗಳಿಸಿದ ಪಳಗಿಕೆ. ಈ ಹೆಸರು ಇಂದಿನ ಅರ್ಥದಲ್ಲಿ ರೂಢಿಗೆ ಬಂದುದು 1950ರ ದಶಕದಲ್ಲಿ, ಅಭ್ಯಾಸವಾದರೋ ಪುರಾತನವಾದುದು. ಚಾಂಗ್‌ಶಾ ನಗರದ ಮಾವಾಂಗ್‌ದುಯಿ ಎಂಬಲ್ಲಿ ಕ್ರಿ. ಪೂ. 168ರ ಗೋರಿಯೊಂದನ್ನು 1973ರಲ್ಲಿ ಅಗೆದಾಗ, ಇಂಥ ಅಂಗಸಾಧನೆಯ 44 ಭಂಗಿಗಳನ್ನು ಬರೆದ ರೇಷ್ಮೆಯ ಪಟವು ದೊರೆಯಿತು; ಅದರಲ್ಲಿ ಹೆಂಗಸರೂ ಇರುವರು. ಆದರೆ ಹಳೆಯದೆಂದ ಮಾತ್ರಕ್ಕೆ ನಂಬಬೇಕಾದುದಿಲ್ಲ. 1980ರ ದಶಕದಲ್ಲಿ ಚೀನದಲ್ಲಿ ಇದರ ಹುಚ್ಚು ಹಬ್ಬಿ, ಮುಟ್ಟದೆಯೇ ರೋಗ ಕಳೆಯುವೆವೆಂದ ಗುರುಗಳ ಮುಂದೆ ಜನರು ಸಾವಿರಗಟ್ಟಲೆಯಾಗಿ ನೆರೆದರು. ಆ ಮಹಿಮೆಗಳು ಪರೀಕ್ಷೆಗೆ ನಿಲ್ಲಲಿಲ್ಲ.

ನಿಲ್ಲುವಂತೆ ತೋರುವುದು ತೀರ ಸಾಮಾನ್ಯವಾದ ಬೇರೊಂದು ಲಾಭ: ಬೀಳದಿರುವುದು. ಇದನ್ನು ಅಲ್ಪವೆನ್ನುವವರು ನನ್ನ ತಾಯಿಯನ್ನು ನೋಡಬೇಕಾಗಿತ್ತು. ಎಪ್ಪತ್ತೆರಡನೆಯ ವಯಸ್ಸಿನ ತನಕ ತಮ್ಮ ಬಟ್ಟೆಯನ್ನು ತಾವೇ ಒಗೆಯುತ್ತಿದ್ದ ಅವರು, ಬಚ್ಚಲುಮನೆಯ ಹೊಸ್ತಿಲಲ್ಲಿ ಎಡವಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಮುಂದಿನ ಹನ್ನೊಂದು ತಿಂಗಳು ಹಾಸಿಗೆಯಲ್ಲಿಯೇ ಕಳೆದು, ಹಾಸಿಗೆಯಲ್ಲಿಯೇ ತೀರಿಕೊಂಡರು. ಒಂದು ಲೋಟ ನೀರಿಗೂ ನಮ್ಮನ್ನು ಕರೆಯಬೇಕಾಯಿತೆಂಬ ಸಂಕೋಚವೇ ಅವರಿಗೆ ನೋವಿಗಿಂತ ಹೆಚ್ಚಾಗಿತ್ತು.

ವೃದ್ಧರಿಗೆ ಸಮತೋಲವನ್ನು ಕಲಿಸುವ ವ್ಯಾಯಾಮಗಳಿಂದ ಬೀಳುವುದು ಸುಮಾರು ಕಾಲುಭಾಗದಷ್ಟು ಕಡಮೆಯಾಗುವುದೆಂದು 2019ರ ಕಾಕ್ರೇನ್ ಸಮೀಕ್ಷೆಯು ತಿಳಿಸಿತು. ಚೀಗೊಂಗ್‌ನ ದಾಯಾದಿಯಾದ ತಾಯ್‌ಚಿಯನ್ನು ಅಮೆರಿಕದ ಆರೆಗನ್‌ನಲ್ಲಿ 195 ಮಂದಿ ಪಾರ್ಕಿನ್ಸನ್ ರೋಗಿಗಳ ಮೇಲೆ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ವರದಿಯಲ್ಲಿಯೂ, ಬರಿಯ ಮೈ ನೀಡುವ ವ್ಯಾಯಾಮ ಮಾಡಿದವರಿಗಿಂತ ತಾಯ್‌ಚಿ ಮಾಡಿದವರು ಕಡಮೆ ಬಿದ್ದರೆಂದಿದೆ. ಚೀಗೊಂಗ್‌ನ ಮೇಲೆಯೇ ಇಷ್ಟು ಬಿಗಿಯಾದ ಪರೀಕ್ಷೆಗಳು ವಿರಳ. ಆದರೂ ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಮೆಲ್ಲನೆ ಸಾಗಿಸುವ ಕೆಲಸವು ಎರಡರಲ್ಲಿಯೂ ಒಂದೇ ಆದುದರಿಂದ, ನನ್ನ ಕಾಲು ಗಂಟೆಯನ್ನು ಧೈರ್ಯವಾಗಿ ಅದಕ್ಕೆ ಕೊಟ್ಟಿರುವೆನು. ವರ್ಷಕ್ಕೆ 91 ಗಂಟೆಗಳಾಗುವುವು. ಹನ್ನೊಂದು ತಿಂಗಳ ಮುಂದೆ ಅದೇನು ದೊಡ್ಡದು?

ಆದರೆ ಈ ಹೊತ್ತನ್ನು ಎಲ್ಲಿಂದ ತೆಗೆಯುವೆವೆಂಬುದನ್ನು ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆಯು ವಾರಕ್ಕೆ 150 ನಿಮಿಷಗಳಾದರೂ ಬಿರುಸು ನಡಿಗೆಯಂಥ ಶ್ರಮವನ್ನೂ, ಅದರ ಜೊತೆಗೆ ವೃದ್ಧರಿಗೆ ಮೂರು ದಿನ ಸಮತೋಲದ ಸಾಧನೆಯನ್ನೂ ಹೇಳಿದೆ. ಸಂಜೆಯ ನಡಿಗೆಯನ್ನು ಬಿಟ್ಟು ಚೀಗೊಂಗ್ ಮಾಡುವವಳಿಗೆ ನಷ್ಟವೇ ಹೆಚ್ಚು. ಔಷಧವನ್ನು ಬಿಟ್ಟು ಮಾಡುವವಳ ಪಾಡನ್ನಂತೂ ಕೇಳಲೇ ಬೇಡಿ. ಮೈಸೂರಿನಲ್ಲಿರುವ ನನ್ನ ಅಕ್ಕನಿಗೆ ರಕ್ತದೊತ್ತಡವುಂಟು. ನಾನು ಹೇಳಿಕೊಟ್ಟ ಎಂಟು ಚಲನೆಗಳಿಂದ ಹಿಗ್ಗಿದ ಅವಳು ಇನ್ನೂ ಕಲಿಯಬೇಕೆಂದು ಶಿಕ್ಷಕರೊಬ್ಬರ ಬಳಿಗೆ ಹೋದಳು. ದಿನಕ್ಕೆ ಎರಡು ಗಂಟೆ ಸಾಧನೆ ಮಾಡಿದರೆ ಮಾತ್ರೆಗಳೇ ಬೇಡವೆಂದು ಅವರು ಹೇಳಿಬಿಟ್ಟರಂತೆ. ಅಕ್ಕನು ಮಾತ್ರೆ ಬಿಟ್ಟ ಒಂಬತ್ತನೆಯ ದಿನ ತಲೆಸುತ್ತಿ ದೇವರಮನೆಯಲ್ಲಿ ಕುಸಿದು ಕುಳಿತಳು. ವೈದ್ಯರು ಒತ್ತಡವನ್ನು ಅಳೆದು, ಒಂದು ಮಾತನ್ನೂ ಆಡದೆ ಅಳತೆಯ ಅಂಕಿಯನ್ನು ಭಾವನವರ ಕಡೆಗೆ ತಿರುಗಿಸಿ ತೋರಿಸಿದರು.

ಆ ಎರಡು ಗಂಟೆಗಳ ಪಾಠವು ಅಂದಿಗೇ ನಿಂತಿತು. ಕಾಲು ಗಂಟೆಯದು ನಿಂತಿಲ್ಲ. ಈಗ ಅಕ್ಕನು ಬೆಳಿಗ್ಗೆ ಮಾತ್ರೆಯನ್ನು ನುಂಗಿದ ಮೇಲೆಯೇ ನಡುಮನೆಯ ಕಿಟಕಿಯ ಬಳಿ ನಿಂತು ಆಕಾಶವನ್ನೆತ್ತುವಳು. ಹಿಮ್ಮಡಿಯೆತ್ತುವಾಗ ಮಾತ್ರ ಎಡಗೈಯಿಂದ ಕಿಟಕಿಯ ಕಂಬಿಯನ್ನು ಹಿಡಿದುಕೊಳ್ಳುವಳು.