ಹಬ್ಬ ನೋಡಹೋದವರು

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳಿದರು. ಸುತ್ತುವಾಗ ಕೈಯಲ್ಲೊಂದು ಲೆಕ್ಕದ ಪುಸ್ತಕವೂ ಇರಬೇಕೆಂದು ಅವರೇನೂ ಹೇಳಲಿಲ್ಲ. ಆದರೂ ಪಟ್ಟಣದ ಪ್ರವಾಸಿಯು ಅದಿಲ್ಲದೆ ಮನೆಯ ಹೊಸ್ತಿಲು ದಾಟುವುದಿಲ್ಲ. ಆ ಪುಸ್ತಕ ಈಗ ಮೊಬೈಲಿನೊಳಗೆ ಸೇರಿಕೊಂಡಿದೆ. ಅದರೊಳಗಿನ ಅಂಕಣಗಳು ಮಾತ್ರ ಹಳೆಯವೇ. ಇದು ಹಿಂದೂಗಳ ಹಬ್ಬ, ಇದು ಮುಸಲ್ಮಾನರದು, ಇದು ಲಂಬಾಣಿಗಳದು, ಇದು ಕುರುಬರದು. ನಮ್ಮದು ಹಲವು ಜನಾಂಗಗಳ, ಹಲವು ಭಾಷೆಗಳ ನಾಡೆಂದು ಶಾಲೆಯಲ್ಲಿ ಕಲಿತದ್ದನ್ನು ಕಣ್ಣಾರೆ ಕಂಡು, ಒಂದೊಂದನ್ನೂ ಅದರದರ ಅಂಕಣದಲ್ಲಿ ಬರೆದುಕೊಂಡು ಮರಳುವುದೇ ಆತನ ಉದ್ದೇಶ.

ಇಂಥ ಪ್ರವಾಸಿಯು ಹಾವೇರಿಗೆ ಬರಬೇಕು. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ತಾನೇ ಒಂದು ಜಿಲ್ಲೆಯಾದ ಈ ಊರಿನಿಂದ ರಾಣೇಬೆನ್ನೂರಿಗೆ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಸುಮಾರು 35 ಕಿಲೋಮೀಟರು. ನಡುವೆ ಮೋಟೆಬೆನ್ನೂರಿನ ಬಳಿ ಪಕ್ಕಕ್ಕೆ ಹೊರಳಿದರೆ ಬ್ಯಾಡಗಿ. ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಆದರೆ ಈ ಒಂದು ಗಂಟೆಯ ದಾರಿಯಲ್ಲಿ ಪ್ರವಾಸಿಯ ಅಂಕಣಗಳೆಲ್ಲ ಒಂದರೊಳಗೊಂದು ಕಲಸಿಹೋಗುತ್ತವೆ.

ಹಾವೇರಿಗೆ ಏಲಕ್ಕಿ ಕಂಪಿನ ನಾಡೆಂದು ಹೆಸರು. ಊರ ಸುತ್ತ ಏಲಕ್ಕಿಯ ತೋಟವನ್ನು ಹುಡುಕಹೊರಟವನು ಮಾತ್ರ ಕಾಲು ನೋಯಿಸಿಕೊಂಡು ಹಿಂದಿರುಗಬೇಕಾದೀತು. ಏಲಕ್ಕಿ ಬೆಳೆಯುವುದು ಮಲೆನಾಡಿನಲ್ಲಿ. ಅದು ಹಾರವಾಗುವುದು ಹಾವೇರಿಯಲ್ಲಿ. ದಪ್ಪ ದಪ್ಪ ಕಾಯಿಗಳನ್ನು ಆರಿಸಿ, ರೇಷ್ಮೆಯ ಎಳೆ, ಜರಿ, ಮಣಿಗಳೊಡನೆ ಎಳೆಯೆಳೆಯಾಗಿ ಪೋಣಿಸಿ, ಕೊರಳಿಗೆ ಹಾಕಿದರೆ ಮುಖಕ್ಕೆ ಕಳೆ ಬರುವಂತೆ ಮಾಡುವ ಈ ವಿದ್ಯೆಯನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದವರು ಪಟವೇಗಾರಿಕೆಯ ಮುಸ್ಲಿಂ ಕುಶಲಕರ್ಮಿಗಳು. ಅವರ ಕೈಯ ಹಾರ ಮದುವೆಯ ಚಪ್ಪರದಲ್ಲಿ ವಧೂವರರ ಕೊರಳಿಗೆ ಬೀಳುತ್ತದೆ, ಗುಡಿಯಲ್ಲಿ ದೇವರ ಮೂರ್ತಿಗೆ ಏರುತ್ತದೆ, ಸಭೆಯಲ್ಲಿ ಅತಿಥಿಗಳನ್ನು ಸ್ವಾಗತಿಸುತ್ತದೆ. 2023ರ ಜನವರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಇಲ್ಲಿ ನಡೆದಾಗ ನಾಡೆಲ್ಲ ಈ ಊರನ್ನು ನೆನೆದದ್ದೂ ಏಲಕ್ಕಿಯ ಹೆಸರಿನಿಂದಲೇ. ಮದುವೆ ಒಬ್ಬರ ಮನೆಯದು, ಹಾರ ಇನ್ನೊಬ್ಬರ ಕೈಯದು, ಕಂಪು ಘಟ್ಟದ್ದು. ಇದನ್ನು ಯಾವ ಅಂಕಣದಲ್ಲಿ ಬರೆಯುವುದು?

ದೀಪಾವಳಿಗೆ ಬಂದರೆ ಹಾವೇರಿ ಸೀಮೆಯ ಹಳ್ಳಿಗಳಲ್ಲಿ ಇನ್ನೊಂದು ಬಗೆಯ ಹಾರವನ್ನು ಕಾಣಬಹುದು. ಇದು ಕೊಬ್ಬರಿಯ ಹಾರ, ಧರಿಸುವುದು ಹೋರಿ. ಕೋಡಿಗೆ ಬಣ್ಣ, ಮೈಮೇಲೆ ಜೂಲು, ಬಲೂನು, ಕೊರಳಿಗೆ ಕೊಬ್ಬರಿ ಬಟ್ಟಲುಗಳ ಸರ. ಜನಸಾಗರದ ನಡುವೆ ಹೋರಿ ಮಿಂಚಿನಂತೆ ಓಡುತ್ತದೆ. ಎದೆಗಾರರು ಅದರ ಮೇಲೆ ಬಿದ್ದು ಕೊಬ್ಬರಿ ಹರಿಯಬೇಕು. ಹರಿಯಗೊಡದೆ ಪಾರಾದ ಹೋರಿಗೆ ಊರಲ್ಲಿ ರಾಜಮರ್ಯಾದೆ. ವರ್ಷವಿಡೀ ತಮ್ಮ ಬಾಯಿಗಿಂತ ಮೊದಲು ಹೋರಿಯ ಬಾಯನ್ನು ನೋಡಿದ ಮನೆಯವರಿಗೆ ಆ ಒಂದು ಓಟವೇ ಸಾರ್ಥಕ್ಯ. ಇದು ಆಟವೆಂದು ಹಗುರವಾಗಿ ತಿಳಿಯಬಾರದು. ಪ್ರಾಣ ಕಳೆದುಕೊಂಡವರೂ ಉಂಟು. ಚಿತ್ರ ತೆಗೆಯುವ ಉತ್ಸಾಹದಲ್ಲಿ ಹೋರಿಯ ಹಾದಿಗೆ ಇಳಿಯುವ ಪ್ರವಾಸಿಯನ್ನು ಯಾರೋ ಅಪರಿಚಿತರು ರಟ್ಟೆ ಹಿಡಿದು ಎಳೆದು, “ಹಿಂದಕ್ಕ ಸರೀರಿ, ಸಾಹೇಬ್ರ!” ಎಂದು ಗದರಿಸುತ್ತಾರೆ. ಗದರಿಕೆಯೂ ಆತಿಥ್ಯವೇ ಎಂಬುದನ್ನು ಆತ ಅಲ್ಲಿ ಕಲಿಯುತ್ತಾನೆ.

ಬ್ಯಾಡಗಿಯಲ್ಲಿ ಮಾತು ಹೊರಡುವ ಮೊದಲೇ ಸೀನು ಬರುತ್ತದೆ. ಚಳಿಗಾಲ ಹಿಡಿದು ಬೇಸಿಗೆಯವರೆಗೆ, ಅದರಲ್ಲೂ ಸೋಮವಾರ ಮತ್ತು ಗುರುವಾರಗಳಂದು, ಅಲ್ಲಿನ ಮಾರುಕಟ್ಟೆಯಲ್ಲಿ ಕೆಂಪು ಮೆಣಸಿನಕಾಯಿಯ ಚೀಲಗಳ ಕೋಟೆಯೇ ಎದ್ದಿರುತ್ತದೆ. ಬಣ್ಣ ಹೆಚ್ಚು, ಖಾರ ಕಡಿಮೆ; ಕಡ್ಡಿ ಮತ್ತು ಡಬ್ಬಿ ಎಂದು ಎರಡು ಬಗೆ. 2011ರಲ್ಲಿ ಈ ಮೆಣಸಿನಕಾಯಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆದರೆ ಗಾಡಿಯ ಪಕ್ಕದಲ್ಲಿ ಕುಳಿತ ರೈತನನ್ನು “ಯಾವೂರು?” ಎಂದು ಕೇಳಿದರೆ ಒಬ್ಬನು ಗದಗ ಎನ್ನುತ್ತಾನೆ, ಇನ್ನೊಬ್ಬನು ಬಳ್ಳಾರಿ, ಮತ್ತೊಬ್ಬನು ರಾಯಚೂರು, ನಾಲ್ಕನೆಯವನ ಉತ್ತರದಲ್ಲಿ ತೆಲುಗಿನ ರಾಗವಿರುತ್ತದೆ, ಏಕೆಂದರೆ ಆತ ಬಂದಿರುವುದು ಆಂಧ್ರದಿಂದ. ಊರಿನ ಹೆಸರು ಹೊತ್ತ ಕಾಯಿ ಬಹುಪಾಲು ಪರಸ್ಥಳದ್ದು. ಅದನ್ನು ಗುರುತಿಸಿ ಬೆಲೆಕಟ್ಟುವ ಕಣ್ಣು, ಹೊರುವ ಹೆಗಲು, ತೊಟ್ಟು ಬಿಡಿಸುವ ಹೆಂಗಸರ ಬೆರಳು ಈ ಊರಿನವು. ಉಡುಪಿಯ ಸಾರಿಗೂ ಮುಂಬಯಿಯ ಮಸಾಲೆಗೂ ಬಣ್ಣ ಕೊಡುವ ಈ ಕಾಯಿಗೆ ಯಾವ ಜಾತಿಯ ಒಲೆಯೂ ಪರಕೀಯವಲ್ಲ.

ಇದೇ ತಾಲ್ಲೂಕಿನಲ್ಲಿ ಕಾಗಿನೆಲೆ ಇದೆ. ಆದಿಕೇಶವನ ಅಂಕಿತದಲ್ಲಿ ಹಾಡಿ, ಕುಲದ ಗರ್ವವನ್ನು ಪ್ರಶ್ನಿಸಿದ ಕನಕದಾಸರ ನೆಲ. ಜಿಲ್ಲೆಯ ಇನ್ನೊಂದು ಅಂಚಿನ ಶಿಶುವಿನಹಾಳದಲ್ಲಿ ಬಾಳಿದ ಷರೀಫ ಸಾಹೇಬರು (1819–1889) ಕಳಸದ ಗೋವಿಂದಭಟ್ಟರ ಶಿಷ್ಯರು. ಅವರ ಗದ್ದುಗೆಗೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ.

ರಾಣೇಬೆನ್ನೂರಿಗೆ ಹೋಳಿಯ ಹೊತ್ತಿಗೆ ಹೋಗಬೇಕು. ಅನೇಕ ಊರುಗಳಲ್ಲಿ ರತಿ-ಮನ್ಮಥರೆಂದರೆ ಗೊಂಬೆಗಳು. ಇಲ್ಲಿ ಜೀವಂತ ಮನುಷ್ಯರೇ ರತಿ-ಮನ್ಮಥರ ವೇಷ ತೊಟ್ಟು ವೇದಿಕೆಯ ಮೇಲೆ ಕೂಡುತ್ತಾರೆ. ಅವರನ್ನು ನಗಿಸಿದವರಿಗೆ ಬಹುಮಾನ. ಜನ ಕುಣಿಯುತ್ತಾರೆ, ಅಣಕಿಸುತ್ತಾರೆ, ಹಾಸ್ಯದ ಮಾತುಗಳನ್ನು ಸುರಿಸುತ್ತಾರೆ. ನೆರೆದವರೆಲ್ಲ ಹೊಟ್ಟೆ ಹಿಡಿದು ನಗುತ್ತಾರೆ, ಆ ದಂಪತಿಗಳ ತುಟಿ ಮಾತ್ರ ಕದಲುವುದಿಲ್ಲ. ಸುಡಲಿರುವ ಕಾಮನೂ ವಿಧವೆಯಾಗಲಿರುವ ರತಿಯೂ ನಗುವುದಾದರೂ ಹೇಗೆ? ಗದ್ದಲದ ನಡುವಿನ ಆ ಗಾಂಭೀರ್ಯ ಕಂಡಾಗಲೇ ಹಬ್ಬವೆಂದರೆ ಬರಿಯ ಹರ್ಷವಲ್ಲವೆಂದು ಪ್ರವಾಸಿಗೆ ಹೊಳೆಯುವುದು.

ಮೊಹರಮ್ಮಿನಲ್ಲಿ ಇದು ಇನ್ನೂ ಸ್ಪಷ್ಟ. ಕರ್ಬಲಾದಲ್ಲಿ 680ರಲ್ಲಿ ಮಡಿದ ಹುಸೇನರ ಶೋಕದ ದಿನಗಳವು. ತಿಳಿಯದ ಪ್ರವಾಸಿ “ಹಬ್ಬದ ಶುಭಾಶಯ” ಎಂದು ಕೈಮುಗಿದರೆ ಹಿರಿಯರು ಮೆಲ್ಲನೆ ನಕ್ಕು ಸುಮ್ಮನಾಗುತ್ತಾರೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಆ ಕಥೆಯನ್ನು ರಿವಾಯತ್ ಪದಗಳಲ್ಲಿ, ಅಚ್ಚ ಕನ್ನಡದಲ್ಲಿ, ಹಿಂದೂಗಳೂ ಹಾಡುತ್ತಾರೆ. ಹೆಜ್ಜೆ ಹಾಕುತ್ತಾರೆ, ಹರಕೆ ತೀರಿಸುತ್ತಾರೆ. ಮುಸಲ್ಮಾನರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲಿಯೂ ಪಂಜಾ ಕೂರಿಸುವ ಪದ್ಧತಿಯುಂಟು. ಲಂಬಾಣಿ ತಾಂಡಾಗಳಲ್ಲಿ ದೀಪಾವಳಿಯ ಅಮಾವಾಸ್ಯೆಯಂದು ಮದುವೆಯಾಗದ ಹೆಣ್ಣುಮಕ್ಕಳು ದೀಪ ಹಿಡಿದು ಮನೆಮನೆಗೂ ಹೋಗಿ ‘ಮೇರಾ’ ಹೇಳಿ ಹರಸುತ್ತಾರೆ. ಮರುದಿನ ಹೂ ತರಲು ಒಟ್ಟಾಗಿ ಹೊರಡುತ್ತಾರೆ. ಮುಂದಿನ ದೀಪಾವಳಿಗೆ ಗಂಡನ ಮನೆಯಲ್ಲಿರುವವಳು ಗೆಳತಿಯರನ್ನು ತಬ್ಬಿ ಅಳುವುದೂ ಆ ಹಬ್ಬದ ಒಂದು ಅಂಗವೇ.

ಇನ್ನು ರಾಣೇಬೆನ್ನೂರು ತಾಲ್ಲೂಕಿನ ದೇವರಗುಡ್ಡ. ದಸರೆಯ ಕಾಲಕ್ಕೆ ಮಾಲತೇಶನ ಸನ್ನಿಧಿಯಲ್ಲಿ ಕಾರಣಿಕ ನಡೆಯುತ್ತದೆ. ಕಂಬಳಿ ಹೊದ್ದ ಗೊರವರ ಡಮರು, ಹಣೆತುಂಬ ಭಂಡಾರ. ಗೊರವಯ್ಯ ಎತ್ತರದ ಬಿಲ್ಲನ್ನೇರಿ ಸದ್ದಡಗಿಸಿದಾಗ, ಆ ಜನಸಂದಣಿಯೆಲ್ಲ ಉಸಿರು ಬಿಗಿಹಿಡಿಯುತ್ತದೆ. ಒಂದು ಸಾಲು ನುಡಿ. ಮಳೆ ಬೆಳೆಯ ಭವಿಷ್ಯವೆಲ್ಲ ಅದರಲ್ಲಿದೆಯೆಂಬ ನಂಬಿಕೆ. ಇದೇ ಮೈಲಾರಲಿಂಗನನ್ನು ಮರಾಠಿಗರು ಜೇಜುರಿಯಲ್ಲಿ ಖಂಡೋಬನೆಂದೂ ತೆಲುಗರು ಮಲ್ಲನ್ನನೆಂದೂ ಪೂಜಿಸುತ್ತಾರೆ. ಇಲ್ಲಿ ‘ಏಳು ಕೋಟಿ’ ಎಂದು ಮೊಳಗುವ ಘೋಷ ಜೇಜುರಿಯ ಬೆಟ್ಟದಲ್ಲಿ ‘ಯೇಳಕೋಟ್’ ಆಗಿದೆ. ಅಲ್ಲಿ ಅರಿಶಿನ ಎರಚುವ ಎಷ್ಟೋ ಭಕ್ತರಿಗೆ ತಾವು ಕನ್ನಡದ ಎಣಿಕೆಯೊಂದನ್ನು ಕೂಗುತ್ತಿದ್ದೇವೆಂಬ ಅರಿವಿರಲಿಕ್ಕಿಲ್ಲ. ದೇವರಿಗೆ ಅದರಿಂದ ತೊಂದರೆಯೂ ಇಲ್ಲ.

ಇದೆಲ್ಲವನ್ನೂ ನೋಡಿ ‘ಆಹಾ, ಎಂಥ ಸೌಹಾರ್ದ!’ ಎಂದು ಉದ್ಗರಿಸಿ ಮುಂದಿನ ಬಸ್ಸು ಹಿಡಿಯುವುದು ಸುಲಭ. ಆದರೆ ಸೌಹಾರ್ದವೆಂಬುದು ನೆಲದಿಂದ ತಾನಾಗಿ ಚಿಮ್ಮುವ ಬುಗ್ಗೆಯಲ್ಲ. ದಿನವೂ ಸೇದಬೇಕಾದ ಬಾವಿಯ ನೀರು. ಏಲಕ್ಕಿ ಹಾರ ಕಟ್ಟುವ ಕೈಗಳು ಈಗ ಕೆಲವೇ. ಅಲಾವಿಯ ಮುಂದೆ ಹೆಜ್ಜೆ ಹಾಕುವ ಹುಡುಗನಿಗೆ ‘ಇದು ನಮ್ಮದಲ್ಲ, ನಿನಗೇಕೆ?’ ಎನ್ನುವವರು ಎರಡು ಕಡೆಯಲ್ಲಿಯೂ ಇದ್ದಾರೆ. ಅಂಥವರದು ಬಹಳ ಅಚ್ಚುಕಟ್ಟಾದ ಲೆಕ್ಕ: ಪ್ರತಿಯೊಬ್ಬನಿಗೂ ಅವನವನ ಹಬ್ಬ. ಆ ಲೆಕ್ಕ ಗೆದ್ದ ದಿನ ಮದುವೆಯ ಚಪ್ಪರದಲ್ಲಿ ಹಾರವಿರುವುದಿಲ್ಲ, ರಿವಾಯತ್ ಹಾಡಲು ಕಂಠವಿರುವುದಿಲ್ಲ. ಹಬ್ಬದ ಹೆಸರು ಪಂಚಾಂಗದಲ್ಲಿ ಉಳಿದೀತು. ಹಬ್ಬವನ್ನು ಮಾಡುವ ಜನ ಉಳಿಯಲಾರರು.

ಆದುದರಿಂದ ಹಬ್ಬ ನೋಡಹೊರಡುವವರು ಒಂದಿಷ್ಟು ಕೆಲಸವನ್ನೂ ವಹಿಸಿಕೊಳ್ಳುವುದು ಒಳ್ಳೆಯದು. ಹಾರ ಕೊಳ್ಳುವಾಗ ಚೌಕಾಸಿ ಮಾಡದೆ ಪೂರ್ತಿ ಬೆಲೆ ಕೊಡುವುದು. ಶೋಕದ ಎದುರು ಕ್ಯಾಮೆರಾ ಕೆಳಗಿಳಿಸುವುದು. ಪದದ ಅರ್ಥವನ್ನು ಹಾಡುವವರ ಬಾಯಿಂದಲೇ ಕೇಳಿ ತಿಳಿಯುವುದು. ಇಷ್ಟು ಮಾಡಿದವನನ್ನು ಈ ಸೀಮೆಯ ಜನ ‘ಯಾವ ಜನ?’ ಎಂದು ಕೇಳುವ ಮೊದಲು “ಬರ್ರಿ, ಕುಂಡ್ರಿ, ಉಂಡು ಹೋಗ್ರಿ” ಎನ್ನುತ್ತಾರೆ. ಎಲೆಯ ಮೇಲೆ ರೊಟ್ಟಿ ಬೀಳುತ್ತದೆ, ಅದರ ಪಕ್ಕದಲ್ಲಿ ಕೆಂಪು ಚಟ್ನಿ. ಕಾಯಿ ಬಳ್ಳಾರಿಯದೋ, ಆಂಧ್ರದ್ದೋ, ಹೆಸರು ಬ್ಯಾಡಗಿಯದು. ಕಣ್ಣಿನಲ್ಲಿ ನೀರು ಬಂದರೆ ಅದು ಖಾರದಿಂದ ಬಂದುದೆಂದು ಹೇಳಿದರಾಯಿತು. ಯಾರೂ ನಂಬದಿದ್ದರೂ ಎಲ್ಲರೂ ಒಪ್ಪಿಕೊಳ್ಳುತ್ತಾರೆ.